ದಲ್ಲಾಳಿ ಯಾರ ಪರ? ನಾಲ್ಕು ತಾಲ್ಲೂಕುಗಳ ಭೂ ವ್ಯವಹಾರದಲ್ಲಿ ಮರೆತುಹೋದ ಕರ್ತವ್ಯಗಳು

ನಮ್ಮ ವರದಿಗಾರರಿಂದ

ರಾಮನಗರ: ಬೆಂಗಳೂರಿನಿಂದ ಮೈಸೂರಿನತ್ತ ಹಳೆಯ ಹೆದ್ದಾರಿಯಲ್ಲಿ ಹೊರಟವರಿಗೆ ಕೆಂಗೇರಿ ದಾಟಿದ ಮೇಲೆ ಕಣ್ಣಿಗೆ ಬೀಳುವುದು ರೇಷ್ಮೆಯೂ ಅಲ್ಲ, ಬೊಂಬೆಯೂ ಅಲ್ಲ, ನಿವೇಶನ ಮಾರಾಟದ ಫಲಕಗಳು. ಬಿಡದಿಯಿಂದ ಚನ್ನಪಟ್ಟಣದವರೆಗೆ, ಅತ್ತ ಕನಕಪುರ ರಸ್ತೆಯಲ್ಲಿ ಹಾರೋಹಳ್ಳಿಯವರೆಗೆ, ಇತ್ತ ಮಾಗಡಿ ರಸ್ತೆಯಲ್ಲಿ ಸಾವನದುರ್ಗದ ತಪ್ಪಲಿನವರೆಗೆ ಇದೇ ನೋಟ. ಆದರೆ ನಿಜವಾದ ವ್ಯಾಪಾರ ಫಲಕಗಳ ಅಡಿಯಲ್ಲಿ ನಡೆಯುವುದಿಲ್ಲ. ತಾಲ್ಲೂಕು ಕಚೇರಿಯ ಮುಂದಿನ ಟೀ ಅಂಗಡಿಯಲ್ಲಿ, ಉಪನೋಂದಣಾಧಿಕಾರಿ ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ ನಾಲ್ಕಾರು ಪಹಣಿಗಳ ನಕಲು ಹಿಡಿದುಕೊಂಡು ಕುಳಿತ ವ್ಯಕ್ತಿಯೇ ಆ ವ್ಯಾಪಾರದ ಸೂತ್ರಧಾರ. ಅವನಿಗೆ ಕಚೇರಿಯಿಲ್ಲ, ನೋಂದಣಿ ಸಂಖ್ಯೆಯಿಲ್ಲ, ರಸೀದಿ ಪುಸ್ತಕವಂತೂ ಇಲ್ಲವೇ ಇಲ್ಲ.

ಜಮೀನು ಮಾರುವ ರೈತ ಅವನನ್ನು 'ನಮ್ಮ ಹುಡುಗ' ಎನ್ನುತ್ತಾನೆ. ಬೆಂಗಳೂರಿನಿಂದ ಕಾರಿನಲ್ಲಿ ಬಂದ ಖರೀದಿದಾರ 'ನಮ್ಮ ಏಜೆಂಟ್' ಎನ್ನುತ್ತಾನೆ. ವ್ಯವಹಾರ ಮುಗಿದ ದಿನ ಅವನು ಇಬ್ಬರಿಂದಲೂ ಹಣ ಪಡೆಯುತ್ತಾನೆ. ಹಾಗಾದರೆ ಅವನು ನಿಜಕ್ಕೂ ಯಾರ ಪರ? ಈ ಪ್ರಶ್ನೆಯನ್ನು ವ್ಯವಹಾರ ಸುಸೂತ್ರವಾಗಿ ನಡೆಯುವವರೆಗೆ ಯಾರೂ ಕೇಳುವುದಿಲ್ಲ. ವ್ಯಾಜ್ಯ ಹುಟ್ಟಿದ ಮೇಲೆ ಕೇಳಿದರೆ ಉತ್ತರ ಹೇಳಲು ಒಂದು ತುಂಡು ಕಾಗದವೂ ಇರುವುದಿಲ್ಲ.

ಬೆಲೆ ಏರಿದ ದಾರಿ

2007ರ ಆಗಸ್ಟ್ 23ರಂದು ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳನ್ನು ಬೇರ್ಪಡಿಸಿ ರಾಮನಗರ ಜಿಲ್ಲೆಯನ್ನು ರಚಿಸಲಾಯಿತು. ಅದಕ್ಕೂ ಮೊದಲೇ ಬಿಡದಿಯಲ್ಲಿ ಮೋಟಾರು ವಾಹನ ಕಾರ್ಖಾನೆ ತಲೆಯೆತ್ತಿತ್ತು. ಹಾರೋಹಳ್ಳಿಯಲ್ಲಿ ಕೈಗಾರಿಕಾ ಪ್ರದೇಶ ಬೆಳೆಯಿತು. 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. ಬೆಂಗಳೂರಿನ ಸುತ್ತಲಿನ ಪಟ್ಟಣಗಳನ್ನು ಬೆಸೆಯುವ ಉಪನಗರ ವರ್ತುಲ ರಸ್ತೆಯೂ ಇದೇ ಸೀಮೆಯ ಹೊಲಗದ್ದೆಗಳನ್ನು ಹಾದು ಹೋಗಬೇಕಾದ ಯೋಜನೆ.

ರಾಜಕಾರಣವೂ ತನ್ನ ಪಾಲು ಸೇರಿಸಿತು. 2023ರ ಅಕ್ಟೋಬರ್‌ನಲ್ಲಿ ಉಪಮುಖ್ಯಮಂತ್ರಿಯಾಗಿ ಡಿ.ಕೆ. ಶಿವಕುಮಾರ್ ಅವರು ಕನಕಪುರವನ್ನು ಬೆಂಗಳೂರಿಗೆ ಸೇರಿಸುವ ಮಾತನಾಡಿ, ಜಮೀನು ಮಾರಿಕೊಳ್ಳಬೇಡಿ ಎಂದು ಜನರಿಗೆ ಕಿವಿಮಾತು ಹೇಳಿದ್ದರು. 2025ರ ಮೇ 22ರಂದು ರಾಮನಗರ ಜಿಲ್ಲೆಗೆ 'ಬೆಂಗಳೂರು ದಕ್ಷಿಣ' ಎಂದು ಹೆಸರಿಡಲು ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಅದೇ ವರ್ಷದ ಮಾರ್ಚ್‌ನಲ್ಲಿ ಬಿಡದಿ ಹೋಬಳಿಯ ಬೈರಮಂಗಲ, ಕಂಚುಗಾರನಹಳ್ಳಿ ಭಾಗದ ಹಳ್ಳಿಗಳಲ್ಲಿ ಸಾವಿರಾರು ಎಕರೆಯ ಉಪನಗರಕ್ಕಾಗಿ ಭೂಸ್ವಾಧೀನದ ಪ್ರಾಥಮಿಕ ಅಧಿಸೂಚನೆ ಹೊರಬಿತ್ತು. ರೈತರ ಹೋರಾಟವೂ ಆರಂಭವಾಯಿತು.

ಇವೆಲ್ಲದರ ಪರಿಣಾಮ ಒಂದೇ. ಈ ಸೀಮೆಯಲ್ಲಿ ಭೂಮಿಯ ಬೆಲೆಯನ್ನು ನಿರ್ಧರಿಸುವುದು ಮಣ್ಣಿನ ಗುಣವಲ್ಲ, ಸುದ್ದಿ. ರಸ್ತೆ ಎಲ್ಲಿ ಬರುತ್ತದೆ, ಯಾವ ಸರ್ವೆ ನಂಬರ್ ಅಧಿಸೂಚನೆಯಲ್ಲಿದೆ, ಯಾವುದು ಹೊರಗುಳಿಯಿತು ಎಂಬ ಸುದ್ದಿ ಮೊದಲು ಯಾರ ಕಿವಿಗೆ ಬೀಳುತ್ತದೆಯೋ ಲಾಭ ಅವರದು. ಆ ಸುದ್ದಿ ರೈತನಿಗಿಂತ ಮೊದಲು, ಖರೀದಿದಾರನಿಗಿಂತ ಮೊದಲು ತಲುಪುವುದು ದಲ್ಲಾಳಿಗೆ. ಹಾಗಾಗಿ ಅವನ ಕರ್ತವ್ಯದ ಪ್ರಶ್ನೆ ಇಲ್ಲಿ ನೀತಿಪಾಠದ ಪ್ರಶ್ನೆಯಲ್ಲ. ಒಂದು ಕುಟುಂಬದ ಮೂರು ತಲೆಮಾರಿನ ಆಸ್ತಿ ಎಷ್ಟಕ್ಕೆ ಕೈಬಿಡುತ್ತದೆ ಎಂಬ ಪ್ರಶ್ನೆ. ಮತ್ತೊಂದು ಕುಟುಂಬದ ಇಪ್ಪತ್ತು ವರ್ಷದ ಉಳಿತಾಯ ಉಳಿಯುತ್ತದೆಯೇ ಎಂಬ ಪ್ರಶ್ನೆ.

ರೇರಾ ಹೇಳುವುದೇನು?

ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ, 2016, ಅಂದರೆ ಜನರ ಬಾಯಲ್ಲಿ 'ರೇರಾ', 2017ರ ಮೇ 1ರಿಂದ ಪೂರ್ಣವಾಗಿ ಜಾರಿಗೆ ಬಂದಿತು. ಕರ್ನಾಟಕದ ನಿಯಮಗಳು ಅದೇ ವರ್ಷದ ಜುಲೈನಲ್ಲಿ ಹೊರಬಿದ್ದವು. ಬಿಲ್ಡರುಗಳನ್ನು ಹದ್ದುಬಸ್ತಿನಲ್ಲಿಡುವ ಕಾನೂನು ಎಂದೇ ಇದು ಪ್ರಸಿದ್ಧ. ಆದರೆ ಏಜೆಂಟರಿಗೂ ಇದರಲ್ಲಿ ಪ್ರತ್ಯೇಕ ಕಟ್ಟಳೆಗಳಿವೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಬ್ರೋಕರ್, ಮಧ್ಯವರ್ತಿ, ಪ್ರಾಪರ್ಟಿ ಡೀಲರ್ ಎಂದು ಯಾವ ಹೆಸರಿನಿಂದ ಕರೆದುಕೊಂಡರೂ ಎಲ್ಲರೂ ಕಾಯ್ದೆಯ ದೃಷ್ಟಿಯಲ್ಲಿ ಏಜೆಂಟರೇ.

9ನೇ ಕಲಮಿನ ಪ್ರಕಾರ ರೇರಾ ವ್ಯಾಪ್ತಿಯ ಯೋಜನೆಯಲ್ಲಿ ನಿವೇಶನ ಅಥವಾ ಫ್ಲ್ಯಾಟ್ ಮಾರಿಸುವ, ಕೊಡಿಸುವ ಏಜೆಂಟ್ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಂಡಿರಲೇಬೇಕು. ತಾನು ಮಾಡಿಸಿದ ಪ್ರತಿ ವ್ಯವಹಾರದಲ್ಲೂ ನೋಂದಣಿ ಸಂಖ್ಯೆ ನಮೂದಿಸಬೇಕು. 10ನೇ ಕಲಮು ಕರ್ತವ್ಯಗಳನ್ನು ಪಟ್ಟಿ ಮಾಡುತ್ತದೆ. ನೋಂದಣಿಯಾಗದ ಯೋಜನೆಯ ಆಸ್ತಿಯನ್ನು ಮಾರಿಸಬಾರದು. ಲೆಕ್ಕಪತ್ರ, ದಾಖಲೆಗಳನ್ನು ಇಟ್ಟುಕೊಂಡಿರಬೇಕು. ಇಲ್ಲದ ಸೌಲಭ್ಯ ಇದೆಯೆಂದು, ಸಿಗದ ಅನುಮೋದನೆ ಸಿಕ್ಕಿದೆಯೆಂದು ಬಾಯಲ್ಲಾಗಲಿ, ಬರಹದಲ್ಲಾಗಲಿ ಹೇಳಬಾರದು. ಕೊಡುವ ಉದ್ದೇಶವಿಲ್ಲದ ಸೇವೆಯ ಬಗ್ಗೆ ಜಾಹೀರಾತು ಪ್ರಕಟಿಸಲು ಬಿಡಬಾರದು. ಬುಕಿಂಗ್ ಸಮಯದಲ್ಲಿ ಖರೀದಿದಾರನಿಗೆ ಸಿಗಬೇಕಾದ ಎಲ್ಲ ಮಾಹಿತಿ, ದಾಖಲೆಗಳು ಅವನ ಕೈಸೇರುವಂತೆ ನೋಡಿಕೊಳ್ಳಬೇಕು.

ಉಲ್ಲಂಘಿಸಿದರೆ? 62ನೇ ಕಲಮಿನಡಿ ದಿನವೊಂದಕ್ಕೆ 10,000 ರೂಪಾಯಿ ದಂಡ. ಒಟ್ಟು ದಂಡ ಆಸ್ತಿಯ ಬೆಲೆಯ ಶೇ. 5ರವರೆಗೆ ಏರಬಹುದು. ಬಿಲ್ಡರ್ ಮೇಲೆ ದೂರು ಕೊಡುವಂತೆಯೇ ಏಜೆಂಟ್ ಮೇಲೂ 31ನೇ ಕಲಮಿನಡಿ ದೂರು ಕೊಡಬಹುದು.

ಕೇಳಲು ಎಷ್ಟು ಚೆನ್ನ! ಆದರೆ ಈ ಕಾಯ್ದೆಯ ಬೇಲಿ ಎಲ್ಲಿ ಮುಗಿಯುತ್ತದೆ ಎಂಬುದನ್ನೂ ನೋಡಬೇಕು. 500 ಚದರ ಮೀಟರ್ ಮೀರದ ಅಥವಾ ಎಂಟು ಮನೆಗಳನ್ನು ಮೀರದ ಯೋಜನೆಗಳಿಗೆ ನೋಂದಣಿಯ ಕಡ್ಡಾಯವಿಲ್ಲ. ಒಬ್ಬ ವ್ಯಕ್ತಿ ತನ್ನ ಹಳೆಯ ಮನೆಯನ್ನೋ ನಿವೇಶನವನ್ನೋ ಮತ್ತೊಬ್ಬನಿಗೆ ಮಾರುವಾಗ ನಡುವೆ ನಿಂತವನು ಈ ಕಾಯ್ದೆಯ ಕೈಗೆ ಸಿಗುವುದಿಲ್ಲ. ರೈತನ ಎರಡೆಕರೆ ಹೊಲ ಕೈಬದಲಾಗುವಾಗ ನಿಂತವನೂ ಸಿಗುವುದಿಲ್ಲ. ಈ ನಾಲ್ಕು ತಾಲ್ಲೂಕುಗಳ ಟೀ ಅಂಗಡಿಯ ಮಾತುಕತೆಗಳೆಲ್ಲ ಹೆಚ್ಚಾಗಿ ಇಂಥವೇ: ಕೃಷಿ ಜಮೀನು, ಕಂದಾಯ ನಿವೇಶನ, ಎರಡನೇ ಕೈಯ ಸೈಟು. ಅಂದರೆ ಏಜೆಂಟನ ಅಂಕುಶ ಎಲ್ಲಿ ಹೆಚ್ಚು ಬೇಕೋ ಅಲ್ಲಿಗೆ ರೇರಾ ತಲುಪುವುದೇ ಇಲ್ಲ.

ಇನ್ನೊಂದು ಸಂಗತಿಯಿದೆ. ಏಜೆಂಟನ ಬಗೆಗಿನ ರೇರಾ ಕಟ್ಟಳೆಗಳು ಬಹುಪಾಲು ಖರೀದಿದಾರನ ರಕ್ಷಣೆಗೆ. ಮಾರುವವನು ಬಿಲ್ಡರ್, ಅವನಿಗೆ ಯಾರ ರಕ್ಷಣೆಯೂ ಬೇಡ ಎಂಬುದು ಅದರ ತಿಳಿವಳಿಕೆ. ಆದರೆ ಇಲ್ಲಿ ಮಾರುವವನು ಹೆಚ್ಚಾಗಿ ಸಣ್ಣ ರೈತ. ಅವನ ಪರವಾಗಿ ಮಾತನಾಡುವ ಕಾನೂನು ಯಾವುದು?

150 ವರ್ಷಗಳಿಗೂ ಹಳೆಯ ಕಾನೂನಿನ ಗಣಿ

ಉತ್ತರ 1872ರ ಭಾರತೀಯ ಕರಾರು ಕಾಯ್ದೆಯಲ್ಲಿದೆ. ಇದರ ಹತ್ತನೇ ಅಧ್ಯಾಯ ಏಜೆಂಟ್ ಮತ್ತು ಅವನನ್ನು ನೇಮಿಸಿದ ಧಣಿಯ ಸಂಬಂಧವನ್ನು ವಿವರಿಸುತ್ತದೆ. ನೋಂದಣಿ ಇರಲಿ, ಬಿಡಲಿ, ಇನ್ನೊಬ್ಬನ ಪರವಾಗಿ ವ್ಯವಹರಿಸಲು ಒಪ್ಪಿಕೊಂಡ ಪ್ರತಿಯೊಬ್ಬನಿಗೂ ಇದು ಅನ್ವಯ. ಧಣಿ ಹೇಳಿದಂತೆ ನಡೆಯಬೇಕು. ತಕ್ಕಷ್ಟು ಕೌಶಲ, ಶ್ರದ್ಧೆ ತೋರಬೇಕು. ಕೇಳಿದಾಗ ಲೆಕ್ಕ ಒಪ್ಪಿಸಬೇಕು. ಧಣಿಯ ಪರವಾಗಿ ಪಡೆದ ಹಣವನ್ನು ಅವನಿಗೇ ಸಲ್ಲಿಸಬೇಕು.

215ನೇ ಕಲಮಿಗೆ ಕಾಯ್ದೆಯೇ ಕೊಟ್ಟಿರುವ ಉದಾಹರಣೆಗಳು ಕನಕಪುರದ ಕಲ್ಲುಬಂಡೆಗಳ ಸೀಮೆಗೆಂದೇ ಬರೆದಂತಿವೆ. ಒಬ್ಬನು ತನ್ನ ಜಮೀನು ಮಾರಿಕೊಡುವಂತೆ ಏಜೆಂಟನಿಗೆ ಹೇಳುತ್ತಾನೆ. ಏಜೆಂಟ್ ಜಮೀನು ನೋಡಲು ಹೋದಾಗ ಅಲ್ಲಿ ಗಣಿಯಿರುವುದು ಅವನಿಗೆ ಗೊತ್ತಾಗುತ್ತದೆ, ಒಡೆಯನಿಗೆ ಗೊತ್ತಿಲ್ಲ. ಏಜೆಂಟ್ ಗಣಿಯ ವಿಷಯ ಮುಚ್ಚಿಟ್ಟು, 'ನಾನೇ ಕೊಂಡುಕೊಳ್ಳುತ್ತೇನೆ' ಎಂದು ಒಪ್ಪಿಗೆ ಪಡೆದು ಖರೀದಿಸುತ್ತಾನೆ. ಸತ್ಯ ತಿಳಿದ ಮೇಲೆ ಒಡೆಯನು ಆ ಮಾರಾಟವನ್ನು ಒಪ್ಪಬಹುದು ಅಥವಾ ತಿರಸ್ಕರಿಸಬಹುದು, ಆಯ್ಕೆ ಅವನದು. ಮತ್ತೊಂದು ಉದಾಹರಣೆಯಲ್ಲಿ ಏಜೆಂಟ್ ಮೂರನೆಯವನ ಹೆಸರಿನಲ್ಲಿ ತಾನೇ ಖರೀದಿಸುತ್ತಾನೆ. ಅದನ್ನೂ ರದ್ದುಗೊಳಿಸಲು ಅವಕಾಶವಿದೆ. 216ನೇ ಕಲಮು ಖರೀದಿದಾರನ ಕಡೆಗೆ ತಿರುಗುತ್ತದೆ: ಇಂಥ ಮನೆ ಕೊಡಿಸು ಎಂದು ಹೇಳಿದರೆ, ಅದು ಸಿಗುವುದಿಲ್ಲ ಎಂದು ಸುಳ್ಳು ಹೇಳಿ ತಾನೇ ಕೊಂಡ ಏಜೆಂಟ್, ಕೊಂಡ ಬೆಲೆಗೇ ಧಣಿಗೆ ಬಿಟ್ಟುಕೊಡಬೇಕಾಗುತ್ತದೆ.

'ಗಣಿ' ಎಂಬಲ್ಲಿ 'ವರ್ತುಲ ರಸ್ತೆ' ಎಂದು ಓದಿಕೊಳ್ಳಿ. ಇಂದಿನ ಕಥೆ ಸಿದ್ಧವಾಗುತ್ತದೆ.

ಏಜೆಂಟನೋ, ಖರೀದಿದಾರನೋ?

ಇಲ್ಲಿಯೇ ಒಂದು ಸೂಕ್ಷ್ಮವಿದೆ. ಒಬ್ಬ ಅಪರಿಚಿತ ಖರೀದಿದಾರನಿಗೆ ರಸ್ತೆ ಬರುವ ಸುದ್ದಿ ಗೊತ್ತಿದ್ದರೂ ಅದನ್ನು ರೈತನಿಗೆ ಹೇಳಲೇಬೇಕೆಂಬ ಕಟ್ಟುಪಾಡಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮು ಮಾರುವವನ ಹಕ್ಕಿನ ಸ್ವರೂಪ ಅಥವಾ ವ್ಯಾಪ್ತಿಗೆ ಸಂಬಂಧಿಸಿದ, ಅವನಿಗೇ ತಿಳಿಯದ ಸಂಗತಿ ಇದ್ದರೆ ಮಾತ್ರ ಖರೀದಿದಾರ ತಿಳಿಸಬೇಕೆನ್ನುತ್ತದೆ. ಮಾರುಕಟ್ಟೆಯ ಸುದ್ದಿ ಅದರೊಳಗೆ ಬರುವುದಿಲ್ಲ. ಆದರೆ ಏಜೆಂಟ್ ಮೌನವಾಗಿರುವಂತಿಲ್ಲ. ಒಂದೇ ಸುದ್ದಿ, ಒಂದೇ ಜಮೀನು. ಮುಚ್ಚಿಟ್ಟವನು ಖರೀದಿದಾರನಾಗಿದ್ದರೆ ಅದು ಜಾಣತನ, ಏಜೆಂಟನಾಗಿದ್ದರೆ ಅದು ದ್ರೋಹ.

ಆದ್ದರಿಂದಲೇ ಚಾಲಾಕಿ ದಲ್ಲಾಳಿಗಳು ಎರಡು ವೇಷ ಇಟ್ಟುಕೊಂಡಿರುತ್ತಾರೆ. ರೈತನಿಗೆ ಅಲ್ಪಸ್ವಲ್ಪ ಅಡ್ವಾನ್ಸ್ ಕೊಟ್ಟು ತಮ್ಮ ಹೆಸರಿಗೇ ಕ್ರಯದ ಕರಾರು ಮಾಡಿಸಿಕೊಳ್ಳುವುದು, ಹೆಚ್ಚಿನ ಬೆಲೆಗೆ ಗಿರಾಕಿ ಸಿಕ್ಕ ಮೇಲೆ ರೈತನಿಂದ ನೇರವಾಗಿ ಅವರಿಗೇ ಕ್ರಯಪತ್ರ ಬರೆಸುವುದು, ನಡುವಿನ ವ್ಯತ್ಯಾಸವನ್ನು ಜೇಬಿಗಿಳಿಸುವುದು. ಇದರಲ್ಲಿ ಕಾನೂನುಬಾಹಿರ ಎನ್ನುವುದೇನೂ ಮೇಲ್ನೋಟಕ್ಕೆ ಕಾಣದು; ಅವನು ಖರೀದಿದಾರನಾಗಿಯೇ ಕರಾರು ಮಾಡಿಕೊಂಡಿದ್ದಾನೆ. ಆದರೆ ಅದೇ ವ್ಯಕ್ತಿ 'ನಿಮ್ಮ ಜಮೀನಿಗೆ ಒಳ್ಳೆ ಪಾರ್ಟಿ ಹುಡುಕಿಕೊಡುತ್ತೇನೆ' ಎಂದು ಹೇಳಿ ಮನೆ ಬಾಗಿಲಿಗೆ ಬಂದಿದ್ದರೆ? ಕಮಿಷನ್ನನ್ನೂ ಕೇಳಿದ್ದರೆ? ಆಗ ಅವನು ಏಜೆಂಟನಾಗಿ ಒಳಬಂದು ಖರೀದಿದಾರನಾಗಿ ಹೊರಹೋದವನು. ಅಂಥ ಸಂದರ್ಭದಲ್ಲಿ ರೈತನಿಗೆ 215ನೇ ಕಲಮು ನೆರವಿಗೆ ಬರಬಹುದು. ಆದರೆ ಮುಚ್ಚಿಟ್ಟದ್ದನ್ನು ಅಥವಾ ತನಗಾದ ನಷ್ಟವನ್ನು ಅವನೇ ರುಜುವಾತುಪಡಿಸಬೇಕು. ಮುಖ್ಯವಾಗಿ, ಅವನನ್ನು ತಾನು ಏಜೆಂಟನೆಂದು ನಂಬಿದ್ದಕ್ಕೆ ಸಾಕ್ಷ್ಯ ಒದಗಿಸಬೇಕು. 'ನಾನು ಬರೀ ಪರಿಚಯ ಮಾಡಿಸಿದವನು ಸ್ವಾಮಿ' ಎಂಬ ಒಂದೇ ವಾಕ್ಯದಲ್ಲಿ ದಲ್ಲಾಳಿ ಕೈತೊಳೆದುಕೊಳ್ಳುವ ಹಾದಿ ಇಂದಿಗೂ ತೆರೆದೇ ಇದೆ.

ಜಿಪಿಎ ಮತ್ತೊಂದು ಅಸ್ತ್ರ. ಓಡಾಟಕ್ಕೆ ಅನುಕೂಲ ಎಂದು ಹೇಳಿ ರೈತನಿಂದ ಸಾಮಾನ್ಯ ಅಧಿಕಾರ ಪತ್ರ ಬರೆಸಿಕೊಂಡು, ಅದರ ಬಲದಿಂದಲೇ ಆಸ್ತಿ ಮಾರುವ ಪದ್ಧತಿ ದಶಕಗಳಿಂದ ನಡೆದುಬಂದಿದೆ. ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರ ಅಕ್ಟೋಬರ್ 11ರಂದು ಸ್ಪಷ್ಟವಾಗಿ ಹೇಳಿದೆ: ಜಿಪಿಎ, ಕ್ರಯದ ಕರಾರು, ಉಯಿಲು ಇವುಗಳಿಂದ ಒಡೆತನ ವರ್ಗವಾಗುವುದಿಲ್ಲ, ನೋಂದಾಯಿತ ಕ್ರಯಪತ್ರವೇ ಬೇಕು. ಇಷ್ಟಾದರೂ ಜಿಪಿಎ ಹಿಡಿದವನು ಒಡೆಯನ ಪರವಾಗಿ ಕ್ರಯಪತ್ರಕ್ಕೆ ಸಹಿ ಹಾಕಬಲ್ಲ. ಹಾಗೆ ಹಾಕಿದಾಗ ಅವನು ಕರಾರು ಕಾಯ್ದೆಯ ಅರ್ಥದಲ್ಲಿ ಅಪ್ಪಟ ಏಜೆಂಟ್. ಬಂದ ಪ್ರತಿ ಪೈಸೆಯ ಲೆಕ್ಕವನ್ನೂ ಒಡೆಯನಿಗೆ ಒಪ್ಪಿಸಲು ಬದ್ಧ. ಜಿಪಿಎ ಬರೆದುಕೊಟ್ಟ ಎಷ್ಟು ರೈತರು ಈ ಲೆಕ್ಕ ಕೇಳಿದ್ದಾರೆ?

ಖರೀದಿದಾರನಿಗೆ ಹೇಳಬೇಕಾದ ಐದು ಸತ್ಯಗಳು

ಇನ್ನು ಖರೀದಿದಾರನ ಪಾಡು. ದಲ್ಲಾಳಿ ವಕೀಲನಲ್ಲ, ಹಕ್ಕು ಶುದ್ಧವಾಗಿದೆಯೆಂದು ಖಾತರಿ ಕೊಡುವ ಹೊಣೆ ಅವನದಲ್ಲ. ಆದರೆ ತನಗೆ ತಿಳಿದುದನ್ನು ಮುಚ್ಚಿಡದಿರುವುದು, ತಿಳಿಯದುದನ್ನು ತಿಳಿದಂತೆ ಹೇಳದಿರುವುದು ಅವನ ಕನಿಷ್ಠ ಕರ್ತವ್ಯ. 'ಎಲ್ಲಾ ಕ್ಲಿಯರ್ ಇದೆ ಸಾರ್' ಎಂಬ ಮಾತು ಈ ಎರಡನೇ ಕರ್ತವ್ಯದ ಉಲ್ಲಂಘನೆ. ಈ ಸೀಮೆಯಲ್ಲಿ ಹುಟ್ಟಿ ಬೆಳೆದ ದಲ್ಲಾಳಿಗೆ ಸಾಮಾನ್ಯವಾಗಿ ತಿಳಿದಿರುವ, ಬೆಂಗಳೂರಿನ ಖರೀದಿದಾರನಿಗೆ ತಿಳಿದಿರದ ಸಂಗತಿಗಳು ಕೆಲವಿವೆ.

ಮೊದಲನೆಯದು, ಮಂಜೂರಾದ ಜಮೀನು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಪರಭಾರೆ ಮಾಡುವುದನ್ನು 1978ರ ಪಿಟಿಸಿಎಲ್ ಕಾಯ್ದೆ ನಿಷೇಧಿಸಿದೆ. ಅಂಥ ಮಾರಾಟ ಅಸಿಂಧು. ಭೂಮಿ ಮೂಲ ಮಂಜೂರಾತಿದಾರರ ಕುಟುಂಬಕ್ಕೆ ಹಿಂದಿರುಗುತ್ತದೆ. ತಡವಾಗಿ ಬಂದ ಅರ್ಜಿಗಳನ್ನು ನ್ಯಾಯಾಲಯಗಳು ತಳ್ಳಿಹಾಕತೊಡಗಿದಾಗ, ಇದಕ್ಕೆ ಕಾಲಮಿತಿಯಿಲ್ಲ ಎಂದು ರಾಜ್ಯ ಸರ್ಕಾರ 2023ರಲ್ಲಿ ತಿದ್ದುಪಡಿ ತಂದಿತು. ಸಾಗುವಳಿ ಚೀಟಿಯ ಮೂಲಕ ಬಂದ ಜಮೀನು ಯಾವುದು ಎಂಬುದು ಊರಿನವರಿಗೆಲ್ಲ ಗೊತ್ತಿರುತ್ತದೆ. ಇಲ್ಲಿ ಮೋಸವಾಗುವುದು ಖರೀದಿದಾರನಿಗೆ ಮಾತ್ರವಲ್ಲ, ಮೊದಲು ಕಡಿಮೆ ಬೆಲೆಗೆ ಭೂಮಿ ಕಳೆದುಕೊಂಡ ದಲಿತ ಕುಟುಂಬಕ್ಕೂ.

ಎರಡನೆಯದು, ಹೆಣ್ಣುಮಕ್ಕಳ ಪಾಲು. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಅವಿವಾಹಿತ ಹೆಣ್ಣುಮಕ್ಕಳಿಗೆ ಸಮಪಾಲು ನೀಡಿತ್ತು. 2005ರ ಕೇಂದ್ರ ತಿದ್ದುಪಡಿ ವಿವಾಹಿತರಿಗೂ ವಿಸ್ತರಿಸಿತು. ಈ ಹಕ್ಕು ಹುಟ್ಟಿನಿಂದಲೇ ಬರುವುದು, ತಂದೆ 2005ರಲ್ಲಿ ಬದುಕಿರಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಪಿತ್ತಿತು. ಮದುವೆಯಾಗಿ ಹೋದ ಅಕ್ಕತಂಗಿಯರ ಹೆಸರನ್ನು ವಂಶವೃಕ್ಷದಿಂದ ಕೈಬಿಟ್ಟು ಕ್ರಯ ಮಾಡಿಸಿದರೆ ನಾಳೆ ವಿಭಾಗ ದಾವೆ ಖಂಡಿತ. ದಾವೆ ನಡೆಯುತ್ತಿರುವಾಗಲೇ ಕೊಂಡವನು ಅದರ ತೀರ್ಪಿಗೆ ಬದ್ಧ. ಋಣಭಾರ ಪ್ರಮಾಣಪತ್ರ ತೋರಿಸುವುದು ನೋಂದಾಯಿತ ವ್ಯವಹಾರಗಳನ್ನು ಮಾತ್ರ. ನೋಂದಣಿಯಾಗದ ಕರಾರನ್ನಾಗಲಿ, ನ್ಯಾಯಾಲಯದಲ್ಲಿರುವ ಎಲ್ಲ ವ್ಯಾಜ್ಯಗಳನ್ನಾಗಲಿ ಅದರಲ್ಲಿ ಹುಡುಕಿದರೆ ಸಿಗದು. ಇದನ್ನು ಹೇಳದೆ 'ಇ.ಸಿ. ನಿಲ್ ಇದೆ' ಎಂದು ಮುಂದಿಡುವುದು ಅರ್ಧಸತ್ಯ.

ಮೂರನೆಯದು, ಪೋಡಿ. ಒಂದೇ ಸರ್ವೆ ನಂಬರಿನ ಪಹಣಿಯಲ್ಲಿ ಹತ್ತಾರು ಹೆಸರುಗಳಿದ್ದು, ಯಾರ ಭಾಗ ಎಲ್ಲಿ ಎಂಬುದು ನಕ್ಷೆಯಲ್ಲಿ ಇಲ್ಲದಿದ್ದರೆ, ತೋರಿಸಿದ ಜಮೀನು ಒಂದು, ಬರೆಸಿಕೊಂಡದ್ದು ಇನ್ನೊಂದು ಆಗುವ ಅಪಾಯವಿದೆ. ಸರ್ವೆ ನಂಬರಿನ ಭಾಗಶಃ ಮಾರಾಟಕ್ಕೆ 11-ಇ ನಕ್ಷೆ ಬೇಕೆಂಬುದು ಇದೇ ಕಾರಣಕ್ಕೆ. ಖರಾಬು, ಗೋಮಾಳ, ರಾಜಕಾಲುವೆ ಎಲ್ಲಿಂದ ಎಲ್ಲಿಯವರೆಗೆ ಎಂಬುದೂ ಸ್ಥಳೀಯನಿಗೇ ಹೆಚ್ಚು ಗೊತ್ತು.

ನಾಲ್ಕನೆಯದು, ನಿರ್ಬಂಧಿತ ವಲಯಗಳು. ಮಾಗಡಿ ತಾಲ್ಲೂಕಿನ ಹಲವು ಹಳ್ಳಿಗಳು ತಿಪ್ಪಗೊಂಡನಹಳ್ಳಿ ಜಲಾಶಯದ ಜಲಾನಯನ ಪ್ರದೇಶದಲ್ಲಿವೆ. 2003ರ ನವೆಂಬರ್ 18ರ ಸರ್ಕಾರಿ ಅಧಿಸೂಚನೆ ಅಲ್ಲಿ ವಲಯಗಳನ್ನು ಗುರುತಿಸಿ ಕಟ್ಟಡ ಚಟುವಟಿಕೆಗೆ ಮಿತಿ ಹಾಕಿತ್ತು, ಮುಂದೆ ಅದು ಪರಿಷ್ಕರಣೆಗೂ ಒಳಗಾಯಿತು. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಸುತ್ತಲಿನ ಪರಿಸರ ಸೂಕ್ಷ್ಮ ವಲಯವನ್ನು 2020ರಲ್ಲಿ 168.84 ಚದರ ಕಿ.ಮೀ.ಗೆ ನಿಗದಿಪಡಿಸಲಾಗಿದ್ದು, ಕನಕಪುರ ಮತ್ತು ರಾಮನಗರ ಭಾಗದ ಹಳ್ಳಿಗಳೂ ಅದರೊಳಗಿವೆ. ಬೆಟ್ಟದ ನೋಟ, ಕಾಡಿನ ಗಾಳಿ ಎಂದು ವರ್ಣಿಸಿ ಮಾರುವವರು ಆ ಕಾಡಿನೊಂದಿಗೆ ಬರುವ ಕಟ್ಟುಪಾಡನ್ನೂ ಹೇಳಬೇಡವೇ?

ಐದನೆಯದು, 'ಫಾರ್ಮ್ ಪ್ಲಾಟ್'. ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳಲು ಅಡ್ಡಿಯಾಗಿದ್ದ ಭೂಸುಧಾರಣಾ ಕಾಯ್ದೆಯ 79-ಎ, 79-ಬಿ ಕಲಮುಗಳನ್ನು 2020ರಲ್ಲಿ ರದ್ದುಪಡಿಸಿದ ಮೇಲೆ ಈ ವ್ಯಾಪಾರಕ್ಕೆ ರೆಕ್ಕೆ ಬಂದಿದೆ. ಕೊಳ್ಳಲು ಅಡ್ಡಿಯಿಲ್ಲ ಎಂದರೆ ಮನೆ ಕಟ್ಟಲು ಅಡ್ಡಿಯಿಲ್ಲ ಎಂದರ್ಥವಲ್ಲ. ಭೂಪರಿವರ್ತನೆಯಾಗದ ಜಮೀನು ಕೃಷಿಗೇ ಮೀಸಲು. ತೋಟದ ಮನೆಗೂ ಭೂಕಂದಾಯ ಕಾಯ್ದೆಯ 95ನೇ ಕಲಮು ಹಿಡುವಳಿಯ ಶೇ. 10ರ ಮಿತಿ ಹಾಕಿದೆ. ಹತ್ತು ಗುಂಟೆಯ ತುಂಡು ಮಾರುವಾಗ ಮಹಡಿ ಮನೆಯ ಬಣ್ಣದ ಚಿತ್ರ ತೋರಿಸುವವರು ಈ ಲೆಕ್ಕವನ್ನು ಬಿಡಿಸಿ ಹೇಳುವುದಿಲ್ಲ. ಪಂಚಾಯಿತಿ ಖಾತೆ ಮಾಡಿಸಿಕೊಡುತ್ತೇವೆ ಎಂಬ ಭರವಸೆಯೂ ಅಷ್ಟೇ. ಖಾತೆ ತೆರಿಗೆಯ ದಾಖಲೆಯೇ ಹೊರತು ಒಡೆತನದ ಪತ್ರವಲ್ಲ.

ಎರಡು ದೋಣಿಯ ಪಯಣ

ಎರಡೂ ಕಡೆಯಿಂದ ಕಮಿಷನ್ ಪಡೆಯುವುದು ಇಲ್ಲಿನ ರೂಢಿ. ಶೇ. 1ರಿಂದ 2ರಷ್ಟು ಎಂದು ಬಾಯಿಮಾತಿನಲ್ಲಿ ನಡೆಯುತ್ತದೆ. ರೇರಾ ಕಾಯ್ದೆ ಯಾವ ದರವನ್ನೂ ನಿಗದಿ ಮಾಡಿಲ್ಲ. ಹೆಚ್ಚಿನ ಬೆಲೆ ಬೇಕೆನ್ನುವವನು ಮತ್ತು ಕಡಿಮೆ ಬೆಲೆಗೆ ಬೇಕೆನ್ನುವವನು ಇಬ್ಬರಿಗೂ ಒಬ್ಬನೇ ನಿಷ್ಠನಾಗಿರುವುದು ಹೇಗೆ ಸಾಧ್ಯ? ಇಬ್ಬರಿಗೂ ವಿಷಯ ತಿಳಿದು, ಇಬ್ಬರೂ ಒಪ್ಪಿದ್ದರೆ ಮಾತ್ರ ಅದು ನ್ಯಾಯ. ಬ್ರಿಟನ್‌ನಲ್ಲಿ 1979ರ ಎಸ್ಟೇಟ್ ಏಜೆಂಟ್ಸ್ ಕಾಯ್ದೆ ಏಜೆಂಟನು ತನ್ನ ಶುಲ್ಕದ ವಿವರವನ್ನು ಮೊದಲೇ ತಿಳಿಸಬೇಕು, ಆಸ್ತಿಯಲ್ಲಿ ತನ್ನ ಸ್ವಂತ ಹಿತಾಸಕ್ತಿಯಿದ್ದರೆ ಬಹಿರಂಗಪಡಿಸಬೇಕು ಎಂದು ವಿಧಿಸಿದೆ. ಅಮೆರಿಕದಲ್ಲಿ ರಿಯಾಲ್ಟರುಗಳ ರಾಷ್ಟ್ರೀಯ ಸಂಘ ಕಮಿಷನ್ ಕುರಿತ ಮೊಕದ್ದಮೆಯಲ್ಲಿ ರಾಜಿಯಾದ ಬಳಿಕ, 2024ರ ಆಗಸ್ಟ್‌ನಿಂದ ಅದರ ಏಜೆಂಟರು ಮನೆ ತೋರಿಸುವ ಮೊದಲೇ ಖರೀದಿದಾರನೊಂದಿಗೆ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕಾಗಿದೆ. ನಮ್ಮಲ್ಲಿ ಕೋಟ್ಯಂತರ ರೂಪಾಯಿಯ ಜಮೀನಿನ ದಲ್ಲಾಳಿ ಕೆಲಸ ಇನ್ನೂ 'ಆಮೇಲೆ ನೋಡಿಕೊಳ್ಳೋಣ' ಎಂಬ ಮಾತಿನ ಮೇಲೆ ನಿಂತಿದೆ.

ದಲ್ಲಾಳಿಯ ಅಳಲು

ಹಾಗೆಂದು ದಲ್ಲಾಳಿಗಳೆಲ್ಲರೂ ಖಳನಾಯಕರೆಂದು ತೀರ್ಮಾನಿಸುವುದು ಅನ್ಯಾಯ. ಅವರಲ್ಲಿ ಅನೇಕರು ಇದೇ ಹಳ್ಳಿಗಳ ರೈತರ ಮಕ್ಕಳು. ರೇಷ್ಮೆ ಕೈಕೊಟ್ಟಾಗ, ಜಮೀನು ಹಂಚಿಹೋಗಿ ತುಂಡಾದಾಗ ಈ ದಾರಿ ಹಿಡಿದವರು. ಆರು ತಿಂಗಳು ಪೆಟ್ರೋಲ್ ಸುಟ್ಟು ಗಿರಾಕಿಯನ್ನು ಕರೆತಂದ ಮೇಲೆ, ಮಾರುವವನೂ ಕೊಳ್ಳುವವನೂ ಹಿಂಬಾಗಿಲಿನಿಂದ ಕೈಕುಲುಕಿ, ಕಮಿಷನ್ ಕೇಳಲು ಹೋದವನನ್ನು 'ನೀನ್ಯಾರು?' ಎಂದು ಕೇಳಿದ ನಿದರ್ಶನಗಳಿಗೂ ಕೊರತೆಯಿಲ್ಲ. ಕರಾರು ಕಾಯ್ದೆಯ 219ನೇ ಕಲಮಿನ ಪ್ರಕಾರ ಬೇರೆ ಕರಾರಿಲ್ಲದಿದ್ದರೆ ಒಪ್ಪಿಸಿದ ಕೆಲಸ ಮುಗಿದ ಮೇಲೆಯೇ ಸಂಭಾವನೆ. ಕೆಲಸ ಯಾವುದು, ಮುಗಿದದ್ದು ಯಾವಾಗ ಎಂದು ಬರೆದಿಡದಿದ್ದರೆ ಅವನೂ ಬರಿಗೈ. 220ನೇ ಕಲಮು ದುರ್ವರ್ತನೆ ತೋರಿದ ಏಜೆಂಟನಿಗೆ ಆ ಕೆಲಸದ ಸಂಭಾವನೆಯ ಹಕ್ಕಿಲ್ಲ ಎನ್ನುತ್ತದೆ. ಅರ್ಥಾತ್, ಕರ್ತವ್ಯ ಮತ್ತು ಕಮಿಷನ್ ಒಂದೇ ನಾಣ್ಯದ ಎರಡು ಮುಖಗಳು. ಕಾಗದವಿಲ್ಲದ ವ್ಯವಹಾರದಲ್ಲಿ ಎರಡೂ ಮುಖ ಸವೆದುಹೋಗಿರುತ್ತವೆ.

ತರಬೇತಿಯ ಕೊರತೆಯೂ ದೊಡ್ಡದು. ಮಹಾರಾಷ್ಟ್ರದ ರೇರಾ ಪ್ರಾಧಿಕಾರ 2023ರಲ್ಲಿ ಏಜೆಂಟರಿಗೆ ತರಬೇತಿ ಮತ್ತು ಪರೀಕ್ಷೆ ಕಡ್ಡಾಯಗೊಳಿಸಿತು. ಪಹಣಿ ಓದಲು, ಮಂಜೂರಾತಿ ಜಮೀನು ಗುರುತಿಸಲು, ಭೂಪರಿವರ್ತನೆ ಆದೇಶದ ಷರತ್ತು ತಿಳಿಯಲು ಕಲಿಸುವ ಒಂದು ವಾರದ ತರಬೇತಿಯನ್ನು ತಾಲ್ಲೂಕು ಮಟ್ಟದಲ್ಲಿ ನಡೆಸುವುದು ಕರ್ನಾಟಕಕ್ಕೆ ಅಸಾಧ್ಯವೇನಲ್ಲ.

ಪರಿಹಾರ ಎಲ್ಲಿ?

ರೇರಾ ವ್ಯಾಪ್ತಿಯ ಬಡಾವಣೆಯಾದರೆ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಹಣ ಪಡೆದು ಸೇವೆ ನೀಡಿದವನ ಲೋಪವನ್ನು ಗ್ರಾಹಕ ಆಯೋಗದ ಮುಂದೆ ಪ್ರಶ್ನಿಸುವ ದಾರಿಯೂ ಇದೆ. ಅಭಿವೃದ್ಧಿಪಡಿಸಿದ ನಿವೇಶನಗಳ ಮಾರಾಟ ಬರಿಯ ಜಮೀನು ಮಾರಾಟವಲ್ಲ, ಸೇವೆಯೂ ಹೌದು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ನಾರ್ನೆ ಕನ್ಸ್‌ಟ್ರಕ್ಷನ್ ಪ್ರಕರಣದಲ್ಲಿ ಹೇಳಿದೆ. ಉದ್ದೇಶಪೂರ್ವಕ ವಂಚನೆಯಾದರೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನಡಿ ಪೊಲೀಸರಿಗೆ ದೂರು. ಉಳಿದದ್ದಕ್ಕೆಲ್ಲ ಸಿವಿಲ್ ನ್ಯಾಯಾಲಯವೇ ಗತಿ. ಅಲ್ಲಿ ವರ್ಷಗಳು ಉರುಳುತ್ತವೆ. ಆದ್ದರಿಂದ ವ್ಯಾಜ್ಯದ ನಂತರದ ಮದ್ದಿಗಿಂತ ಮೊದಲಿನ ಎಚ್ಚರಿಕೆಯೇ ಮೇಲು.

ಎಚ್ಚರಿಕೆ ದುಬಾರಿಯೇನಲ್ಲ. ಜಮೀನು ತೋರಿಸುವ ಮೊದಲು ಒಂದು ಹಾಳೆಯಲ್ಲಿ ಇಷ್ಟು ಬರೆದು ಸಹಿ ಹಾಕಿಸಿಕೊಂಡರೆ ಸಾಕು:

- ದಲ್ಲಾಳಿ ಯಾರ ಪರ? ಮಾರುವವನದೋ, ಕೊಳ್ಳುವವನದೋ, ಇಬ್ಬರದೋ?
- ಕಮಿಷನ್ ಎಷ್ಟು, ಯಾರಿಂದ, ಯಾವಾಗ?
- ಈ ಆಸ್ತಿಯಲ್ಲಿ ಅವನಿಗಾಗಲಿ, ಅವನ ಕುಟುಂಬದವರಿಗಾಗಲಿ ಕರಾರು, ಜಿಪಿಎ, ಪಾಲುದಾರಿಕೆ ಏನಾದರೂ ಇದೆಯೇ?
- ಮಂಜೂರಾತಿ, ವ್ಯಾಜ್ಯ, ಭೂಸ್ವಾಧೀನ, ನಿರ್ಬಂಧಿತ ವಲಯಗಳ ಬಗ್ಗೆ ಅವನಿಗೆ ತಿಳಿದಿರುವುದೇನು?
- ಅಡ್ವಾನ್ಸ್ ಹಣ ಯಾರ ಕೈಗೆ? ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದಕ್ಕೆ 2015ರಿಂದಲೇ ಆದಾಯ ತೆರಿಗೆ ಕಾನೂನಿನ ತಡೆಯಿದೆ. ಬ್ಯಾಂಕ್ ಮೂಲಕ ನೇರವಾಗಿ ಒಡೆಯನಿಗೆ ಹೋಗುವುದೇ ಕ್ಷೇಮ.

ಈ ಹಾಳೆಗೆ ಸಹಿ ಹಾಕಲು ಹಿಂಜರಿಯುವವನ ಬಗ್ಗೆ ಬೇರೆ ವಿಚಾರಣೆ ಬೇಕಿಲ್ಲ. ನಗುಮುಖದಿಂದ ಸಹಿ ಹಾಕುವವನಿಗೆ ಕಮಿಷನ್ ಕೊಡಲು ಇಬ್ಬರೂ ಹಿಂದೆಮುಂದೆ ನೋಡಬಾರದು.

ಸರ್ಕಾರ ಮನಸ್ಸು ಮಾಡಿದರೆ ಇನ್ನೊಂದು ಹೆಜ್ಜೆ ಇಡಬಹುದು. ನೋಂದಣಿಗೆ ಬರುವ ಪ್ರತಿ ಕ್ರಯಪತ್ರದಲ್ಲಿ ಮಧ್ಯವರ್ತಿಯ ಹೆಸರು, ಅವನು ಪಡೆದ ಶುಲ್ಕವನ್ನು ನಮೂದಿಸುವ ಒಂದು ಕಾಲಂ ಸೇರಿಸಿದರೆ ಸಾಕು. ಪತ್ರ ಬರೆದವರ ಹೆಸರು ಪತ್ರದ ಕೊನೆಯಲ್ಲಿರುತ್ತದೆ, ಸಾಕ್ಷಿಗಳ ಹೆಸರಿರುತ್ತದೆ. ಇಡೀ ವ್ಯವಹಾರವನ್ನು ಕುದುರಿಸಿದವನ ಹೆಸರು ಮಾತ್ರ ಎಲ್ಲಿಯೂ ಇರುವುದಿಲ್ಲ. ಹೆಸರೇ ಇಲ್ಲದವನಿಂದ ಹೊಣೆಗಾರಿಕೆ ನಿರೀಕ್ಷಿಸುವುದಾದರೂ ಹೇಗೆ?

ಜಿಲ್ಲೆಯ ಹೆಸರು ಬದಲಾಯಿತು, ರಸ್ತೆ ಅಗಲವಾಯಿತು, ಗುಂಟೆಯ ಬೆಲೆ ಎಕರೆಯ ಹಳೆಯ ಬೆಲೆಯನ್ನು ಮೀರಿತು. ಟೀ ಅಂಗಡಿಯ ಬೆಂಚಿನ ಮೇಲಿನ ಬಾಯಿಮಾತು ಮಾತ್ರ ಹಾಗೆಯೇ ಉಳಿದಿದೆ. ಭೂಮಿ ಒಮ್ಮೆ ಕೈಬಿಟ್ಟರೆ ಮರಳುವುದಿಲ್ಲ ಎಂಬುದು ರೈತನಿಗೆ ಗೊತ್ತು. ಕೊಟ್ಟ ಹಣ ಮರಳುವುದಿಲ್ಲ ಎಂಬುದು ಖರೀದಿದಾರನಿಗೆ ಗೊತ್ತು. ನಡುವೆ ನಿಂತವನ ಸಹಿಯನ್ನು ಮೊದಲೇ ಕೇಳಿ ಪಡೆಯುವುದು ಇನ್ನು ಅವರಿಬ್ಬರ ಕೆಲಸ.